ಒಂಜಿ ಕಲಿ ಕೊರ್ಲೆ

ಪ್ರೆಸ್ಸಿನಲ್ಲಿ ಕಟ್ಟು ಕಟ್ಟುವ ಅಕ್ಕ ಲೇಬಲ್ಲನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ಆಮೇಲೆ "ಜೋಕುಲೆಗ್ ಕಲಿಯಾ?" ಎಂದು ಕೇಳಿದರು. ಅಷ್ಟು ಹೊತ್ತಿಗೆ 20,000 ಲೇಬಲ್ಲುಗಳ ಮುದ್ರಣ ಮುಗಿದಿತ್ತು.

ತುಳು ಬಾರದವರಿಗಾಗಿ ಹೇಳುತ್ತೇನೆ. ಜೋಕುಲು ಎಂದರೆ ಮಕ್ಕಳು. ಕಲಿ ಎಂದರೆ ಶೇಂದಿ. ತಲೆಬರಹದ ಒಂಜಿ ಎಂದರೆ ಒಂದು, ಕೊರ್ಲೆ ಎಂದರೆ ಕೊಡಿ. ಮಕ್ಕಳಿಗೆ ಶೇಂದಿಯೇ ಎಂದು ಅವರು ಕೇಳಿದ್ದು.

ನಮ್ಮದು ಮಂಗಳೂರಿನಲ್ಲಿ ಐದಾರು ಜನರ ಸಣ್ಣ ಡಿಸೈನ್ ಕಚೇರಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಹೋಟೆಲಿನ ಮೆನು, ಮಸಾಲೆ ಪೊಟ್ಟಣ, ಬಂದದ್ದನ್ನೆಲ್ಲ ಮಾಡುತ್ತೇವೆ. ಘಟ್ಟದ ಮೇಲಿನ ಉದ್ಯಮಿಯೊಬ್ಬರು ತೆಂಗಿನ ಹಾಲಿನ ಪಾನೀಯವೊಂದನ್ನು ಕರಾವಳಿಯಲ್ಲಿ ಮೊದಲು ಮಾರುಕಟ್ಟೆಗೆ ಬಿಡಬೇಕೆಂದು ನಮ್ಮಲ್ಲಿಗೆ ಬಂದಿದ್ದರು. ಹೆಸರನ್ನು ಅವರೇ ತಂದಿದ್ದರು: ಕಲಿ. ಶಾಲೆಯ ಮಕ್ಕಳು ಕುಡಿಯುವಂಥದ್ದು, ಆದ್ದರಿಂದ ಕಲಿ ಎಂದರೆ ಕಲಿಯುವುದು. ಕಲಿ ಎಂದರೆ ಶೂರನೂ ಹೌದು. ಎರಡಕ್ಷರದಲ್ಲಿ ಎರಡು ಅರ್ಥ. ಯಾರಿಗೆ ತಾನೇ ಇಷ್ಟವಾಗುವುದಿಲ್ಲ?

ಹೆಸರನ್ನು ನಾವು ಪರೀಕ್ಷಿಸದೆ ಬಿಟ್ಟೆವು ಎಂದುಕೊಳ್ಳಬೇಡಿ. ಅರ್ಧ ದಿನ ಕುಳಿತು ಚರ್ಚಿಸಿದ್ದೆವು. ರೋಮನ್ ಅಕ್ಷರದಲ್ಲಿ ಬರೆದರೆ ಜನ ಕಾಳಿ ಎಂದು ಓದಿಯಾರು, ದೇವಿಯ ಹೆಸರನ್ನು ಬಾಟಲಿಗೆ ಹಚ್ಚಿದರೆಂದು ಗಲಾಟೆಯಾದೀತು ಎಂದು ನಾನೇ ಎಚ್ಚರಿಸಿದ್ದೆ. ಹಾಗಾಗಿ ಕನ್ನಡ ಅಕ್ಷರಗಳನ್ನು ದಪ್ಪವಾಗಿ ಹಾಕಿಸಿದೆವು. ಯಕ್ಷಗಾನದ ಹುಚ್ಚಿರುವ ಒಬ್ಬರು, ನಳ ಮಹಾರಾಜನನ್ನು ಹಿಡಿದು ಕಾಡಿದವನೂ ಕಲಿಯೇ ಅಲ್ಲವೇ ಎಂದು ನೆನಪಿಸಿದರು. ಎಲ್ಲರೂ ನಕ್ಕೆವು. ಎರಡು ಅಪಾಯಗಳನ್ನು ಕಂಡುಹಿಡಿದ ಸಮಾಧಾನದಲ್ಲಿ ಮೂರನೆಯದನ್ನು ಯಾರೂ ಹುಡುಕಲಿಲ್ಲ.

ನನಗೆ ಇಂದಿಗೂ ನಾಚಿಕೆಯಾಗುವ ಸಂಗತಿ ಬೇರೆ ಇದೆ. ನನ್ನ ಮನೆಮಾತು ತುಳು. ನನ್ನ ಅಜ್ಜ ಮೂರ್ತೆದಾರರು. ಬೆಳಿಗ್ಗೆ, ಸಂಜೆ ಮರ ಹತ್ತಿ ಕಲಿ ಇಳಿಸಿ ಮನೆ ನಡೆಸಿದವರು. ಆ ಶಬ್ದವನ್ನು ನಾನು ಅಕ್ಷರ ಕಲಿಯುವ ಮೊದಲೇ ಕೇಳಿದ್ದೆ. ಆದರೆ ಕಚೇರಿಯ ಪರದೆಯ ಮುಂದೆ ಕುಳಿತ ಕೂಡಲೇ ನನ್ನ ತಲೆ ಪೂರ್ತಿ ಅಚ್ಚುಕನ್ನಡಕ್ಕೆ ತಿರುಗಿಬಿಡುತ್ತದೆ. ಅಲ್ಲಿ ತುಳುವಿಗೆ ಪ್ರವೇಶವೇ ಇಲ್ಲ. ಲೇಬಲ್ಲಿನ ಮೇಲೆ ತೆಂಗಿನ ಮರ ಬರೆಯಿಸಿದ್ದು ನಾನು. ಪಾನೀಯದ ಬಿಳಿ ಬಣ್ಣ ಕಾಣಲೆಂದು ಪಾರದರ್ಶಕ ಬಾಟಲಿ ಇರಲಿ ಎಂದದ್ದೂ ನಾನೇ. ಕೆಳಗೆ ಒಂದು ಸಾಲು ಬೇಕು ಎಂದಾಗ ಬರೆದುಕೊಟ್ಟದ್ದು: "ದಿನಕ್ಕೊಂದು ಕಲಿ". ತೆಂಗಿನ ಮರ, ಬೆಳ್ಳಗಿನ ದ್ರವ, ದಿನಕ್ಕೊಂದು ಕಲಿ! ಶೇಂದಿಯ ಜಾಹೀರಾತನ್ನು ಇದಕ್ಕಿಂತ ಚೆನ್ನಾಗಿ ಗಡಂಗಿನವರೂ ಬರೆಸಲಾರರು.

ಉದ್ಯಮಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ಒಪ್ಪಲಿಲ್ಲ. ಅವರ ವಾದದಲ್ಲಿ ತಿರುಳಿತ್ತು. "1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿ ಇವತ್ತು ನಿಮ್ಮ ಊರಿನ ಸರ್ಕಾರಿ ಶಾಲೆಗಳಲ್ಲೂ ಇದೆಯಲ್ಲ? ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದಾರೆ. ಯಾರಾದರೂ ನಕ್ಕಿದ್ದಾರೆಯೇ?" ಎಂದು ಕೇಳಿದರು. ಯಾರೂ ನಕ್ಕಿಲ್ಲ. ನಾನೂ ನಕ್ಕಿಲ್ಲ. ಆ ಕ್ಷಣಕ್ಕೆ ನನ್ನ ಬಾಯಿ ಕಟ್ಟಿತು.

ಉತ್ತರ ಹೊಳೆದದ್ದು ಮಧ್ಯಾಹ್ನ ಊಟದ ಹೋಟೆಲಿನಲ್ಲಿ. ಬೋರ್ಡಿನ ಮೇಲೆ "ಕಾಣೆ ಫ್ರೈ" ಎಂದಿತ್ತು. ಪತ್ರಿಕೆಯಲ್ಲಿ ಕಾಣೆ ಎಂದು ಕಂಡರೆ ಯಾರೋ ಮನೆ ಬಿಟ್ಟು ಹೋಗಿದ್ದಾರೆ. ಮೀನಿನ ಹೋಟೆಲಿನಲ್ಲಿ ಕಂಡರೆ ತಟ್ಟೆಗೆ ಬರುತ್ತದೆ. ಶಾಲೆಯ ಗೋಡೆಯ ಮೇಲಿನ ಕಲಿ ಕನ್ನಡದ್ದು. ಅದೇ ಎರಡಕ್ಷರ ಬಾಟಲಿಯ ಮೇಲೆ ಕುಳಿತರೆ ತುಳುವಿನದಾಗುತ್ತದೆ. ನೋಟ್ ಪುಸ್ತಕದ ಕಂಪೆನಿಯವರು ಇದೇ ಹೆಸರು ತಂದಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ.

ಮಾತಿನಲ್ಲಿ ನಂಬಿಸುವುದಕ್ಕಿಂತ ತೋರಿಸುವುದೇ ವಾಸಿ ಎಂದು, ಉದ್ಯಮಿ ಬಂದ ದಿನ ಅವರನ್ನು ಸುರತ್ಕಲ್ಲಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದೆ. ಗಲ್ಲೆಯ ಮೇಲೆ ಬಾಟಲಿ ಇಟ್ಟು ಸುಮ್ಮನೆ ನಿಂತೆವು. ಮೊದಲು ಬಂದವರು ಬೀಡಿ ಕೊಳ್ಳಲು ಬಂದ ಹಿರಿಯರು. ಲೇಬಲ್ ಓದಿ, ಅಂಗಡಿಯವರ ಮುಖ ನೋಡಿ, ಗಂಭೀರವಾಗಿ "ಒಂಜಿ ಕಲಿ ಕೊರ್ಲೆ" ಎಂದರು. ಅಂಗಡಿಯವರು ಬಗ್ಗಿ ಬಗ್ಗಿ ನಕ್ಕರು. ಉದ್ಯಮಿಗೆ ಅನುವಾದ ಬೇಕಾಗಲಿಲ್ಲ.

ಆ ಹಿರಿಯರಿಗೆ ಶಬ್ದದಲ್ಲಿ ಅಸಹ್ಯವೇನೂ ಕಾಣಲಿಲ್ಲ. ನಮ್ಮ ಕಡೆ ಕಲಿ ನಾಚಿಕೆಯ ಮಾತಲ್ಲ. ಆದರೆ ಯಾವ ತಾಯಿಯೂ ಅದನ್ನು ಮಗುವಿನ ಶಾಲೆಯ ಚೀಲಕ್ಕೆ ಹಾಕಿ ಕಳಿಸುವುದಿಲ್ಲ.

ನಷ್ಟವನ್ನು ಇಬ್ಬರೂ ಅರ್ಧರ್ಧ ಹೊತ್ತೆವು. ನಮ್ಮ ಯಜಮಾನರು ಸಭೆ ಕರೆದು, ಎಲ್ಲೋ ತರಬೇತಿಯಲ್ಲಿ ಕೇಳಿದ್ದ ಷೆವರ್ಲೆ ನೋವಾ ಕಾರಿನ ಕಥೆ ಹೇಳಿದರು: ಸ್ಪ್ಯಾನಿಷ್‌ನಲ್ಲಿ "ನೋ ವಾ" ಎಂದರೆ ಓಡುವುದಿಲ್ಲ, ಹಾಗಾಗಿ ಲ್ಯಾಟಿನ್ ಅಮೆರಿಕದಲ್ಲಿ ಆ ಕಾರು ಮಾರಾಟವಾಗಲಿಲ್ಲ ಎಂದು. ಮನೆಗೆ ಹೋಗಿ ಓದಿ ನೋಡಿದರೆ ಕಥೆ ಸುಳ್ಳು. ಮೆಕ್ಸಿಕೊದಲ್ಲಿ, ವೆನೆಜುವೆಲಾದಲ್ಲಿ ಅದು ಚೆನ್ನಾಗಿಯೇ ಮಾರಾಟವಾಗಿತ್ತು. ಮೆಕ್ಸಿಕೊದ ಸರ್ಕಾರಿ ತೈಲ ಕಂಪೆನಿ ಪೆಮೆಕ್ಸ್ ತನ್ನ ಪೆಟ್ರೋಲಿಗೇ ನೋವಾ ಎಂದು ಹೆಸರಿಟ್ಟಿತ್ತು. ಒಂದೇ ಉಸಿರಿನಲ್ಲಿ, ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ನೋವಾ ಎಂದಾಗ ಅಲ್ಲಿಯವರಿಗೆ "ಓಡುವುದಿಲ್ಲ" ಎಂದು ಕೇಳಿಸುವುದೇ ಇಲ್ಲ. ಕಾಗದದ ಮೇಲೆ ಹೊಂದಿದ ಎರಡು ಶಬ್ದಗಳು ಬಾಯಲ್ಲಿ ಹೊಂದಬೇಕೆಂದಿಲ್ಲ.

ನಿಜವಾದ ಉದಾಹರಣೆಗಳೂ ಇವೆ. ಮಿತ್ಸುಬಿಷಿಯ ಪಜೆರೊ ಎಂಬ ಹೆಸರು ಸ್ಪ್ಯಾನಿಷ್‌ನಲ್ಲಿ ಅಶ್ಲೀಲ ಬೈಗುಳ. ಸ್ಪೇನಿನಲ್ಲಿ ಆ ಗಾಡಿ ಮೊಂಟೆರೊ. ವಿಕ್ಸ್ ಜರ್ಮನಿಯಲ್ಲಿ ವಿಕ್ ಆಗಿದೆ, ರೋಮನ್ ಲಿಪಿಯಲ್ಲಿ ಮೊದಲಕ್ಷರವೂ V ಬದಲು W. ಮೊದಲಿನಂತೆಯೇ ಬರೆದಿದ್ದರೆ ಜರ್ಮನ್ನರು ಫಿಕ್ಸ್ ಎಂದು ಓದುತ್ತಿದ್ದರು, ಅದು ಮನೆಯಲ್ಲಿ ಆಡುವಂಥ ಮಾತಲ್ಲ. ಟಾಟಾ ಕಂಪೆನಿಯ ಝಿಕಾದ್ದು ಇನ್ನೊಂದು ಬಗೆಯ ದುರದೃಷ್ಟ. ಹೆಸರಿಟ್ಟಾಗ ಅದರಲ್ಲಿ ದೋಷವಿರಲಿಲ್ಲ. 2016ರ ಆರಂಭದಲ್ಲಿ ಝಿಕಾ ವೈರಸ್ ಜಗತ್ತಿನ ಸುದ್ದಿಯಾಯಿತು, ಕಾರು ಟಿಯಾಗೊ ಆಗಿ ರಸ್ತೆಗಿಳಿಯಿತು. ಅಂಥದ್ದನ್ನು ಯಾವ ಕಟ್ಟು ಕಟ್ಟುವ ಅಕ್ಕನೂ ಮೊದಲೇ ಹೇಳಲಾರರು.

ಈಗ ಹೊಸ ಹೆಸರು ಬಂದರೆ "ಇದಕ್ಕೆ ಕೆಟ್ಟ ಅರ್ಥ ಇದೆಯೇ" ಎಂದು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ನನ್ನಂತೆಯೇ ಓದಿದ ಕನ್ನಡದಲ್ಲಿ ಯೋಚಿಸಿ "ಇಲ್ಲ" ಎನ್ನುತ್ತಾರೆ. ವಸ್ತುವನ್ನು ಕೈಗೆ ಕೊಟ್ಟು, ನಿಮ್ಮ ಮನೆಮಾತಿನಲ್ಲಿ ಅಂಗಡಿಯಲ್ಲಿ ಕೇಳುವಂತೆ ಕೇಳಿ ಎನ್ನುತ್ತೇವೆ. ಲೆಕ್ಕ ಬರೆಯುವವರು ಕೊಂಕಣಿಯಲ್ಲಿ, ಡಿಸೈನಿನ ಹುಡುಗ ಬ್ಯಾರಿಯಲ್ಲಿ, ಕುಂದಾಪುರದವರು ಅವರ ಕನ್ನಡದಲ್ಲಿ, ಕಾಸರಗೋಡಿನಿಂದ ರೈಲಿನಲ್ಲಿ ಬರುವವರು ಮಲಯಾಳದಲ್ಲಿ. ಬೆಲೆ ಪಟ್ಟಿ ಎಂದಾಗಲೆಲ್ಲ ಅವರು ನಗುತ್ತಾರೆ, ಪಟ್ಟಿ ಅವರಿಗೆ ನಾಯಿ. ಕೊನೆಗೆ ಪ್ರೆಸ್ಸಿನ ಅಕ್ಕ.

ತೆಂಗಿನ ಹಾಲಿಗೆ ಉದ್ಯಮಿ ಎರಡನೆಯ ಸಲ ತಂದ ಹೆಸರು ಬಲ. ಅಕ್ಕ ಅದನ್ನು ಎರಡು ಬಾರಿ ಬಾಯಲ್ಲಿ ಆಡಿಸಿ, "ಬಾ ಅಂತ ಕರೆದ ಹಾಗೆ ಆಯಿತು, ಒಳ್ಳೆಯದೇ" ಎಂದರು. ತುಳುವಿನಲ್ಲಿ ಮಕ್ಕಳನ್ನು ಕರೆಯುವುದು ಹಾಗೆಯೇ. ದೊಡ್ಡವರಿಗೆ "ಬಲೆ" ಎನ್ನಬೇಕು, ಆದರೆ ಬಲೆ ಎಂದರೆ ಘಟ್ಟದ ಮೇಲಿನವರು ಮೀನು ಹಿಡಿಯಲು ಹೊರಟಾರು. ಮಕ್ಕಳ ಪಾನೀಯವಲ್ಲವೇ, ಏಕವಚನವೇ ಇರಲಿ ಎಂದು ತೀರ್ಮಾನವಾಯಿತು. ತೆಂಗಿನ ಮರವನ್ನು ಮಾತ್ರ ಅಳಿಸಿದೆ.

ಹಳೆಯ ಲೇಬಲ್ಲುಗಳ ಕಟ್ಟು ಕಚೇರಿಯಲ್ಲೇ ಇದೆ. ಒಳ್ಳೆಯ ಕಾಗದ, ಹಿಂಬದಿ ಖಾಲಿ. ಮಧ್ಯಾಹ್ನ ಹೋಟೆಲಿಗೆ ಕಳಿಸುವ ಚೀಟಿಯನ್ನು ಅದರ ಮೇಲೆಯೇ ಬರೆಯುತ್ತೇವೆ: ಊಟ ನಾಲ್ಕು, ಕಾಣೆ ಎರಡು.