ಅಳತೆ ಪಟ್ಟಿಗೆ ಮುಂಚೆ ಹರಟೆ

ಒಬ್ಬರ ಮನೆಯ ಶಿಲ್ಪ ಸಂಗ್ರಹ ಸಾರ್ವಜನಿಕ ಮ್ಯೂಸಿಯಂ ಆಗಲಿದೆ ಎಂದು ತೀರ್ಮಾನವಾದ ಕೂಡಲೇ ಆ ಮನೆಗೆ ಜನ ಬರತೊಡಗುತ್ತಾರೆ. ಮೊದಲು ವಕೀಲರು, ಅವರ ಬೆನ್ನಿಗೇ ಆರ್ಕಿಟೆಕ್ಟ್, ಆಮೇಲೆ ಕ್ಯಾಮೆರಾದವರು, ಕೊನೆಗೆ ಅಳತೆ ಪಟ್ಟಿ ಹಿಡಿದ ನಮ್ಮಂಥವರು. ಪುಣೆಯಲ್ಲಿ ಇದೇ ಕೆಲಸ ಮಾಡಿಕೊಂಡಿರುವ ನನ್ನನ್ನು ಕೇಳಿದರೆ, ಇವರೆಲ್ಲರಿಗಿಂತ ಮುಂಚೆ ಹೋಗಬೇಕಾದವರು ಬೇರೆ: ಆ ಮನೆಯ ಯಜಮಾನರ ಎದುರು ಕೂತು, ಚಹಾ ಕುಡಿಯುತ್ತ, ಗಡಿಯಾರ ನೋಡದೆ ಹರಟೆ ಹೊಡೆಯಬಲ್ಲವರು. ಅವರ ತಲೆಯಲ್ಲಿ ಇರುವುದು ಕಾಗದಕ್ಕೆ ಇಳಿಯುವ ಮೊದಲೇ ಕಲ್ಲುಗಳು ಲಾರಿ ಹತ್ತಿದರೆ ಮ್ಯೂಸಿಯಂಗೆ ಸಿಗುವುದು ಬರೀ ತೂಕ.

ನನ್ನದು ದಾಖಲಾತಿಯ ಕೆಲಸ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡುವುದು, ಅಳೆಯುವುದು, ತೂಗುವುದು, ಎಲ್ಲಿಂದ ಬಂತು, ಯಾರ ಕೈದಾಟಿ ಬಂತು, ಯಾವ ಮೂಲೆ ಮುಕ್ಕಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆಯುವುದು. ಹೊರಗಿನವರಿಗೆ ಇದು ಗುಮಾಸ್ತಿಕೆಯಂತೆ ಕಾಣುತ್ತದೆ. ಗುಮಾಸ್ತಿಕೆಯೇ ಹೌದು, ನನಗೆ ಅದರಲ್ಲಿ ಸಂಕೋಚವಿಲ್ಲ. ಆ ರಿಜಿಸ್ಟರ್ ಇಲ್ಲದಿದ್ದರೆ ಮ್ಯೂಸಿಯಂಗೂ ದೊಡ್ಡವರ ಮನೆಯ ಹಜಾರಕ್ಕೂ ವ್ಯತ್ಯಾಸ ಟಿಕೆಟ್ ಒಂದೇ.

ಪುಣೆಯಲ್ಲಿ ಇಂಥ ಮಾತು ಬಂದಾಗಲೆಲ್ಲ ಬಾಜೀರಾವ್ ರಸ್ತೆಯ ಬಳಿಯ ರಾಜಾ ದಿನಕರ ಕೇಳಕರ ಮ್ಯೂಸಿಯಂ ಹೆಸರು ಬಂದೇ ಬರುತ್ತದೆ. 'ಅಜ್ಞಾತವಾಸಿ' ಎಂಬ ಹೆಸರಿನಲ್ಲಿ ಕವಿತೆ ಬರೆಯುತ್ತಿದ್ದ ದಿನಕರ ಕೇಳಕರರು 1920ರ ಆಸುಪಾಸಿನಲ್ಲಿ ಸಂಗ್ರಹ ಆರಂಭಿಸಿದರು. ದೀಪ, ಅಡಕತ್ತರಿ, ಬಾಗಿಲು, ವಾದ್ಯ, ವಿಗ್ರಹ, ಯಾವುದನ್ನೂ ಬಿಡಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಇಟ್ಟು ಎಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಇಂದು ಅಲ್ಲಿ ಸುಮಾರು 20,000 ವಸ್ತುಗಳಿವೆ, ನೋಡಲು ಸಿಗುವುದು ಅದರಲ್ಲಿ ಒಂದು ಸಣ್ಣ ಪಾಲು. ನಮ್ಮ ಹತ್ತಿರ ಬರುವ ಸಂಗ್ರಹಕಾರರೆಲ್ಲ ಆ ಮ್ಯೂಸಿಯಂ ನೋಡಿ ಬಂದವರೇ. ಎಲ್ಲರಿಗೂ ಕೇಳಕರರಾಗುವ ಆಸೆ. ಆದರೆ ತಮ್ಮ ಇಡೀ ಸಂಗ್ರಹದಲ್ಲಿ ಬಹುಪಾಲು ಉಗ್ರಾಣದಲ್ಲೇ ಇರಬೇಕಾಗುತ್ತದೆ ಎಂದಾಗ ಮುಖ ಸಣ್ಣದಾಗುತ್ತದೆ.

ಅಂಥ ಸಂಗ್ರಹಕಾರರಲ್ಲಿ ಒಬ್ಬರಾದ, ನಾವು ಕಾಕಾ ಎಂದು ಕರೆಯುವವರ ಮುಖವೂ ಹಾಗೆಯೇ ಸಣ್ಣದಾಯಿತು. ಮೂಲ ವಿಜಯಪುರದ ಕಡೆ, ಪುಣೆಗೆ ಬಂದು ಕಟ್ಟಡ ಗುತ್ತಿಗೆದಾರರಾದವರು. ಮನೆಮಾತು ಕನ್ನಡ, ಲೆಕ್ಕ ಮರಾಠಿಯಲ್ಲಿ, ಬೈಗುಳ ಎರಡರಲ್ಲೂ. ಕೆಲಸದ ನೆಪದಲ್ಲಿ ಸೋಲಾಪುರ, ಸಾಂಗಲಿ, ಕೊಲ್ಹಾಪುರಗಳಲ್ಲಿ ಓಡಾಡುತ್ತ ಕಲ್ಲಿನ ಶಿಲ್ಪಗಳನ್ನು ತಂದು ಮನೆ ತುಂಬಿಸಿದ್ದರು. ಅಂಗಳದಲ್ಲಿ ವೀರಗಲ್ಲುಗಳು, ಮೆಟ್ಟಿಲ ಕೆಳಗೆ ನಾಗರಕಲ್ಲು, ಮಹಡಿಯ ಮೇಲೆ ದ್ವಾರಪಾಲಕರ ಮುಂಡ. ದಖನ್ನಿನ ಕರಿಕಲ್ಲು (ಬಸಾಲ್ಟ್) ಒಂದು ಘನ ಮೀಟರಿಗೆ ಹತ್ತಿರ ಹತ್ತಿರ 2,900 ಕಿಲೋ ತೂಗುತ್ತದೆ. ಒಂದು ಮೀಟರ್ ಎತ್ತರ, ಅರ್ಧ ಮೀಟರ್ ಅಗಲ, 30 ಸೆಂಟಿಮೀಟರ್ ದಪ್ಪದ ಸಾಧಾರಣ ಶಿಲ್ಪವೇ 400 ಕಿಲೋ ದಾಟುತ್ತದೆ. ಮನೆಯ ಮಹಡಿಯ ನೆಲವನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಗೆ. ಮಹಡಿ ಏಕೆ ಕುಸಿದಿಲ್ಲ ಎಂದು ಕೇಳಿದೆ. "ತಂಗಿ, ಮನೆ ಕಟ್ಟಿದವನು ನಾನು. ತೊಲೆ ಎಲ್ಲೆಲ್ಲಿದೆ ಎಂದು ನನಗೆ ಗೊತ್ತಿಲ್ಲವೇ?" ಎಂದರು. ನೋಡಿದರೆ ಭಾರದ ಮೂರ್ತಿಗಳೆಲ್ಲ ತೊಲೆಗಳ ನೇರಕ್ಕೆ ನಿಂತಿದ್ದವು. ಮನೆಗೆ ಬಂದವರು ಅದನ್ನು ಅಲಂಕಾರದ ಅಭಿರುಚಿ ಎಂದು ಹೊಗಳುತ್ತಿದ್ದರಂತೆ.

ಡೈರಿ ಇದೆಯೇ ಎಂದರೆ ಇಲ್ಲ. ರಸೀದಿ? ಹಳ್ಳಿಯಲ್ಲಿ ಯಾರು ರಸೀದಿ ಕೊಡುತ್ತಾರೆ? ಹರಟೆಯ ನಡುವೆ ಒಮ್ಮೆ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಒಳಗಿನಿಂದಲೇ ಕೂಗಿದರು: "ಅವರ ಸೈಟಿನ ಲೆಕ್ಕದ ಪುಸ್ತಕ ನೋಡು. ಮನೆಯ ಖರ್ಚು ಬರೆಯದಿದ್ದರೂ ಕಲ್ಲಿನ ಖರ್ಚು ಬರೆದಿರುತ್ತಾರೆ." ಕಪಾಟು ತೆಗೆದರೆ ಕೆಂಪು ಬಟ್ಟೆಯ ರಟ್ಟಿನ ವಹಿಗಳ ಸಾಲು. ಸಿಮೆಂಟು, ಉಸುಕು, ಸಲಾಕೆಗಳ ಲೆಕ್ಕದ ನಡುವೆ ಅಲ್ಲೊಂದು ಇಲ್ಲೊಂದು 'ಕಲ್ಲು' ಎಂಬ ನಮೂದು, ಮುಂದೆ ಕೊಟ್ಟ ಹಣ, ಅದರ ಕೆಳಗೆ ಲಾರಿ ಬಾಡಿಗೆ. ಊರಿನ ಹೆಸರಿಲ್ಲ. ಆದರೆ ಅದೇ ತಿಂಗಳಲ್ಲಿ ಅದೇ ಲಾರಿ ಮಾಲೀಕ ಸೋಲಾಪುರದಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ತಂದಿದ್ದಕ್ಕೆ ಪಡೆದ ಬಾಡಿಗೆ ಪಕ್ಕದ ಪುಟದಲ್ಲೇ ಇತ್ತು. ಬಾಡಿಗೆಯಿಂದ ದೂರ ತಿಳಿಯಿತು, ದೂರದಿಂದ ದಿಕ್ಕು ತಿಳಿಯಿತು, ದಿಕ್ಕು ಹೇಳಿದರೆ ಕಾಕಾಗೆ ಊರು ನೆನಪಾಯಿತು. ಒಂದೊಂದು ಊರಿನ ಜೊತೆಗೆ ಚೌಕಾಶಿ, ಮಳೆ, ಪಂಕ್ಚರ್ ಎಲ್ಲ ಹೊರಬಂದವು. ನನ್ನ ಸಹಾಯಕನಿಗೆ ಪಂಕ್ಚರ್ ಕಥೆ ಬೇಡವಾಗಿತ್ತು. ನಾನು ಅದನ್ನೂ ಬರೆಸಿದೆ, ಏಕೆಂದರೆ ಪಂಕ್ಚರ್ ಆದದ್ದು ಮಂಗಳವೇಢೆಯ ಹತ್ತಿರ ಎಂಬ ಮಾತಿನಿಂದಲೇ ಎರಡು ವೀರಗಲ್ಲುಗಳ ಹಾದಿ ಸಿಕ್ಕಿತು.

ಎಲ್ಲವೂ ಇಷ್ಟು ಸರಾಗವಾಗಿ ಸಾಗಲಿಲ್ಲ. ಒಂದು ದ್ವಾರಪಾಲಕ ಶಿಲ್ಪವನ್ನು ಪಂಢರಪುರದ ಹಾದಿಯಲ್ಲಿ ಒಬ್ಬ ಮಧ್ಯವರ್ತಿ ಕೊಟ್ಟನೆಂದೂ, ಅದು ಅಲ್ಲಿಯದೇ ಹಳೆಯ ಗುಡಿಯದೆಂದೂ ಕಾಕಾ ಹೇಳಿದರು. ವಹಿಯಲ್ಲಿದ್ದ ಲಾರಿ ಬಾಡಿಗೆಯೂ ಪಂಢರಪುರದ ದೂರಕ್ಕೆ ಸರಿಹೊಂದುತ್ತಿತ್ತು. ಆದರೆ ಶಿಲ್ಪ ಇದ್ದದ್ದು ಕೆಂಪು ಮರಳುಗಲ್ಲಿನಲ್ಲಿ. ಪಂಢರಪುರದ ಸೀಮೆ ಪೂರಾ ಕರಿಕಲ್ಲಿನದು. ಅಂಥ ಮರಳುಗಲ್ಲು ಬೇಕೆಂದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿರುವ ಮಲಪ್ರಭೆಯ ಕಣಿವೆಯತ್ತ ನೋಡಬೇಕು. ಕಾಕಾ ಸುಳ್ಳು ಹೇಳಿರಲಿಲ್ಲ, ಅವರಿಗೆ ಮಾರಿದವನು ಹೇಳಿದ್ದ. ಅಂದಿನಿಂದ ನಮ್ಮ ರಿಜಿಸ್ಟರಿನಲ್ಲಿ ಎರಡು ಅಂಕಣ ಮಾಡಿಕೊಂಡೆವು: ಕೊಟ್ಟವರ ಹೇಳಿಕೆ ಒಂದು, ಪರಿಶೀಲನೆಯಲ್ಲಿ ಕಂಡದ್ದು ಇನ್ನೊಂದು. ಎರಡೂ ಹೊಂದದಿದ್ದರೆ ಹೊಂದುವುದಿಲ್ಲ ಎಂದೇ ಬರೆಯುತ್ತೇವೆ. ಎರಡನ್ನೂ ಕಲಸಿ ಒಂದು ಚಂದದ ವಾಕ್ಯ ಮಾಡುವುದಿಲ್ಲ.

ಆ ಶಿಲ್ಪವನ್ನು ಪ್ರದರ್ಶನದ ಪಟ್ಟಿಯಿಂದ ತೆಗೆದು ಪ್ರಾಚ್ಯವಸ್ತುಗಳ ನೋಂದಣಿ ಅಧಿಕಾರಿಗೆ ಪತ್ರ ಬರೆಯಬೇಕೆಂದು ನಾನು ಹಠ ಹಿಡಿದೆ. ಸಂರಕ್ಷಿತ ಸ್ಮಾರಕದಿಂದ ಎದ್ದುಬಂದದ್ದಾದರೆ ಅದು ಕಾಕಾ ಅವರದೂ ಅಲ್ಲ, ಮ್ಯೂಸಿಯಂನದೂ ಅಲ್ಲ. ಕಾಕಾ ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. ಚಹಾ ಮಾತ್ರ ಬರುತ್ತಿತ್ತು. ನಾನು ಅವರಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿರುವ ಗ್ಲಿಪ್ಟೊಟೆಕ್ ಎಂಬ ಶಿಲ್ಪ ಮ್ಯೂಸಿಯಂನ ಕಥೆ ಹೇಳಿದೆ. ಬಿಯರ್ ತಯಾರಕ ಕಾರ್ಲ್ ಯಾಕೊಬ್ಸೆನ್ ತಮ್ಮ ಶಿಲ್ಪ ಸಂಗ್ರಹವನ್ನು 1888ರಲ್ಲಿ ಸಾರ್ವಜನಿಕರಿಗೆ ಕೊಟ್ಟರು, ಸರಕಾರವೂ ನಗರಸಭೆಯೂ ಸೇರಿ ಕಟ್ಟಡ ಒದಗಿಸಬೇಕು ಎಂಬ ಷರತ್ತಿನೊಂದಿಗೆ. 1897ರಲ್ಲಿ ಬಾಗಿಲು ತೆರೆಯಿತು. ಅಂಥ ಸಂಸ್ಥೆಯೂ 1970ರ ದಶಕದಲ್ಲಿ ಕೊಂಡಿದ್ದ ಎಟ್ರುಸ್ಕನ್ (ಇಟಲಿಯ ಪ್ರಾಚೀನ ಜನರ) ಗೋರಿಯ ವಸ್ತುಗಳನ್ನು ಇಟಲಿಗೆ ಮರಳಿಸುವುದಾಗಿ 2016ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಕಾಕಾಗೆ ಇಟಲಿಯ ಸಂಗತಿ ಹಿಡಿಸಲಿಲ್ಲ, ಯಾಕೊಬ್ಸೆನ್ ಹಾಕಿದ ಷರತ್ತು ಮಾತ್ರ ಬಹಳ ಹಿಡಿಸಿತು. ಮರುದಿನ ಮ್ಯೂಸಿಯಂ ಟ್ರಸ್ಟಿನವರ ಮುಂದೆ ತಮ್ಮದೂ ಒಂದು ಷರತ್ತಿನ ಪಟ್ಟಿ ಇಟ್ಟರು.

ಷರತ್ತುಗಳ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಕಟ್ಟಡ, ಸಿಬ್ಬಂದಿ, ಹಣಕಾಸು, ಮಾರಾಟ ನಿಷೇಧ, ಇವುಗಳ ಬಗ್ಗೆ ದಾನಿ ಎಷ್ಟು ಬಿಗಿಯಾಗಿದ್ದರೂ ಒಳ್ಳೆಯದೇ. 'ಯಾವುದನ್ನೂ ಕದಲಿಸಬಾರದು, ನನ್ನ ಮನೆಯಲ್ಲಿ ಇದ್ದಂತೆಯೇ ಇರಬೇಕು' ಎಂಬುದು ಮಾತ್ರ ಬೇಡ. ಆ ಕ್ರಮ ಕಾಕಾ ಅವರ ಮಹಡಿಯ ತೊಲೆಗಳಿಗೆ ಸರಿ, ನೋಡಲು ಬಂದ ಶಾಲೆಯ ಮಕ್ಕಳಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕೊನೆಗೆ ಒಂದು ಕೋಣೆಯನ್ನು ಅವರಿಗಿಷ್ಟವಾದಂತೆ ಇಡುವುದು, ಉಳಿದದ್ದನ್ನು ಕಲ್ಲು ಮತ್ತು ಸೀಮೆಯ ಪ್ರಕಾರ ಜೋಡಿಸುವುದು ಎಂದಾಯಿತು.

ಕಾನೂನಿನ ಭಾಗ ಬೇಗ ಹೇಳಿ ಮುಗಿಸುತ್ತೇನೆ. 1972ರ ಪ್ರಾಚ್ಯವಸ್ತು ಕಾಯಿದೆ 1976ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ನೂರು ವರ್ಷ ಮೀರಿದ ಕಲ್ಲು, ಲೋಹ, ಸುಟ್ಟ ಮಣ್ಣಿನ ಶಿಲ್ಪಗಳು ಮನೆಯಲ್ಲಿದ್ದರೆ ನೋಂದಾಯಿಸಬೇಕು, ಅವುಗಳ ಒಡೆತನ ಬದಲಾದರೆ ಅದನ್ನೂ ತಿಳಿಸಬೇಕು. ದಾನ ಕೊಡುವುದೂ ಒಡೆತನದ ಬದಲಾವಣೆಯೇ. ಬಹಳ ಮಂದಿ ಇದನ್ನು ಮರೆಯುತ್ತಾರೆ. ಕಾಕಾ ಹೆಚ್ಚಿನವನ್ನು ನೋಂದಾಯಿಸಿದ್ದರು, ಗುತ್ತಿಗೆದಾರರಿಗೆ ಸರಕಾರಿ ಕಾಗದದ ಭಯ ಇದ್ದೇ ಇರುತ್ತದೆ.

ಅವರ ಸಂಗ್ರಹದಲ್ಲಿ ಮುಕ್ಕಾದ ಮೂರ್ತಿಗಳೇ ಹೆಚ್ಚು. ನೋಡಲು ಬಂದವರು ದಾಳಿಯ ಕಥೆ ಊಹಿಸಿಕೊಳ್ಳುತ್ತಾರೆ. ಹರಟೆಯಲ್ಲಿ ಹೊರಬಂದ ಕಾರಣ ಬೇರೆಯೇ ಇತ್ತು. ಭಿನ್ನವಾದ ಮೂರ್ತಿಗೆ ನಮ್ಮಲ್ಲಿ ಪೂಜೆ ಇಲ್ಲ. ಗುಡಿಯ ಜೀರ್ಣೋದ್ಧಾರವಾದಾಗ ಹಳೆಯದನ್ನು ಅರಳಿಮರದ ಕೆಳಗೆ ಇಡುತ್ತಾರೆ, ಇಲ್ಲವೇ ಹೊಳೆಗೆ ಬಿಡುತ್ತಾರೆ. ಕಾಕಾ ಮರದ ಕೆಳಗಿನವನ್ನು ಊರ ಹಿರಿಯರನ್ನು ಕೇಳಿ, ಗುಡಿಗೆ ಕಾಣಿಕೆ ಕೊಟ್ಟು ತಂದಿದ್ದರು. ಹಾಗೆ ತಂದ ಒಂದು ಮಾತೃಕೆಯ (ತಾಯಿ ದೇವತೆಯ) ಮೂರ್ತಿಗೆ ಕಾಕು ಅಷ್ಟೂ ವರ್ಷ ಕುಂಕುಮ ಹಚ್ಚಿದ್ದರು. ಭಿನ್ನ ಮೂರ್ತಿ ಅಲ್ಲವೇ ಎಂದು ಕೇಳಿದರೆ, "ಮನೆಗೆ ಬಂದವಳನ್ನು ಬರಿಹಣೆಯಲ್ಲಿ ಇಡಲೇ?" ಎಂದರು. ಸಂರಕ್ಷಣೆಯವರು ಆ ಕುಂಕುಮದ ಪದರವನ್ನು ತೆಗೆಯಬೇಕೆಂದರು. ಅದೂ ಆ ಮೂರ್ತಿಯ ಚರಿತ್ರೆಯೇ, ಕಲ್ಲಿಗೆ ಹಾನಿ ಇಲ್ಲದಿದ್ದರೆ ಇರಲಿ ಎಂದು ನಾನು ವಾದಿಸಿದೆ. ಎಣ್ಣೆಯ ಜಿಡ್ಡನ್ನು ತೆಗೆದು ಕುಂಕುಮವನ್ನು ಉಳಿಸಿದ್ದಾರೆ. ಅದು ಸರಿಯೋ ತಪ್ಪೋ ಎಂಬ ಜಗಳ ಕಚೇರಿಯಲ್ಲಿ ಇನ್ನೂ ಮುಗಿದಿಲ್ಲ.

ಸಾಗಾಟದ ದಿನಗಳಲ್ಲಿ ನಾನು ಬರೀ ಪ್ರೇಕ್ಷಕಿ. ಇಂಡಿ ತಾಲೂಕಿನ ಮುಕಾದಮರೊಬ್ಬರು, ಅಂದರೆ ಕೂಲಿಯಾಳುಗಳ ಮೇಸ್ತ್ರಿ, ತಮ್ಮ ಹುಡುಗರೊಂದಿಗೆ ಬಂದಿದ್ದರು. ಚೈನ್ ಕಪ್ಪಿ, ಅಗಲದ ಬೆಲ್ಟು, ಕಬ್ಬಿಣದ ಪೈಪು, ಹಾರೆ, ರಾಶಿ ಗೋಣಿಚೀಲ. ಆರ್ಕಿಟೆಕ್ಟ್ ತಂದಿದ್ದ ನಕ್ಷೆಯನ್ನು ಅವರು ಗೌರವದಿಂದ ಮಡಿಸಿ ಜೇಬಿಗೆ ಹಾಕಿಕೊಂಡರು, ಮತ್ತೆ ತೆಗೆಯಲಿಲ್ಲ. ಪ್ರತಿ ಕಲ್ಲನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು, "ಬಾಯಿಯವರೇ, ಇದು ಒಳಗೆ ಬಿರಿದಿದೆ, ಇದನ್ನು ನಿಲ್ಲಿಸಿ ಒಯ್ಯಬೇಡಿ, ಮಲಗಿಸಿ ಒಯ್ಯೋಣ" ಎನ್ನುತ್ತಿದ್ದರು. ಸಂರಕ್ಷಣೆಯವರ ಪರೀಕ್ಷೆಯೂ ಅದನ್ನೇ ಹೇಳಿತು. ಎಲಿಫೆಂಟಾ ದ್ವೀಪಕ್ಕೆ ಹೆಸರು ಕೊಟ್ಟ ಕಲ್ಲಿನ ಆನೆಯನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಕ್ರೇನ್ ಮುರಿದು, ಆನೆ ತುಂಡು ತುಂಡಾಯಿತು. ಆ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಆನೆ ಮುಂಬಯಿಯ ಭಾಯಖಳಾದಲ್ಲಿ ಈಗಲೂ ಇದೆ. ಮುಕಾದಮರಿಗೆ ಆ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ: ಬೆಲ್ಟು ಎಲ್ಲಿ ಕಟ್ಟಿದ್ದರಂತೆ?

ತೊಂದರೆ ಕೊಟ್ಟದ್ದು ಅಂಗಳದ ವೀರಗಲ್ಲುಗಳು. ಕಾಕಾ ಗುತ್ತಿಗೆದಾರರಲ್ಲವೇ, ಒಂದೊಂದಕ್ಕೂ ಸಿಮೆಂಟಿನ ಗಟ್ಟಿ ಪೀಠ ಹಾಕಿ, ಹಿಂದೆ ಕಬ್ಬಿಣದ ಸಲಾಕೆ ಕೊಟ್ಟಿದ್ದರು. ಸಿಮೆಂಟಿನ ಲವಣ ಕಲ್ಲಿಗೆ ಏರಿ ಮೇಲ್ಮೈ ಪುಡಿಯಾಗುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಲ್ಲು ಒಳಗಿನಿಂದ ಸೀಳುತ್ತದೆ. ಸಣ್ಣ ಉಳಿಯಿಂದ ಸಿಮೆಂಟನ್ನು ಬಿಡಿಸಿ, ಕಾಗದದ ತಿರುಳನ್ನು ಶುದ್ಧ ನೀರಿನಲ್ಲಿ ನೆನೆಸಿ ಮೆತ್ತಿ ಲವಣವನ್ನು ಹೊರಗೆಳೆಯಲು ತಿಂಗಳುಗಳೇ ಹಿಡಿದವು. ಒಂದು ವೀರಗಲ್ಲಿನಲ್ಲಿ ಕೆಳಗೆ ಹೋರಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ತುದಿಯಲ್ಲಿ ಸೂರ್ಯಚಂದ್ರರು, ಎಲ್ಲ ನೇರವಾಗಿತ್ತು. ಸಿಮೆಂಟು ಹೋದ ಮೇಲೆ ಬುಡದಲ್ಲಿ ಹಳಗನ್ನಡದ ಸವೆದ ಅಕ್ಷರಗಳು ಕಂಡವು. ಶಾಸನ ಓದುವವರು ಇನ್ನೂ ಓದುತ್ತಿದ್ದಾರೆ. ಅಷ್ಟು ವರ್ಷ ಆ ಸಾಲು ತಮ್ಮದೇ ಸಿಮೆಂಟಿನಡಿ ಇತ್ತೆಂದು ಕಾಕಾ ಪೇಚಾಡಿದರು. ಮಳೆಯಿಂದ ಅದನ್ನು ಉಳಿಸಿದ್ದೂ ಆ ಸಿಮೆಂಟೇ ಇರಬಹುದು ಎಂದು ನಾನು ಹೇಳಿದ್ದು ಅರ್ಧ ಸಮಾಧಾನಕ್ಕೆ.

ಊರಿನ ಹೆಸರಿಗೆ ಇಷ್ಟೇಕೆ ಒದ್ದಾಡುತ್ತೀರಿ ಎಂದು ಟ್ರಸ್ಟಿನ ಕಿರಿಯರೊಬ್ಬರು ಕೇಳಿದರು. ಅವರನ್ನು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. 1922ರಲ್ಲಿ ತೆರೆದ ಆ ಮ್ಯೂಸಿಯಂಗೂ ಟಾಟಾ ಸಹೋದರರಂಥವರ ಖಾಸಗಿ ಸಂಗ್ರಹಗಳು ಸೇರಿವೆ. ಅಲ್ಲಿ ಐಹೊಳೆಯ ಗುಡಿಯೊಂದರ ಚಾವಣಿಯಲ್ಲಿದ್ದ ಫಲಕಗಳಿವೆ. ಐಹೊಳೆ ಇದ್ದ ಬಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಒಂದು ಕುಟುಂಬ ಸರಸರನೆ ನಡೆಯುತ್ತ ಬಂದು ಆ ಫಲಕಗಳ ಮುಂದೆ ನಿಂತಿತು. "ಅಪ್ಪಾ, ನಮ್ಮ ಐಹೊಳೆ" ಎಂದು ಹುಡುಗಿ ಓದಿದಳು. ಅವರು ಅಲ್ಲಿಂದ ಬಹಳ ಹೊತ್ತು ಕದಲಲಿಲ್ಲ. ಕಿರಿಯರು ಆಮೇಲೆ ಆ ಪ್ರಶ್ನೆ ಕೇಳಿಲ್ಲ.

ಕಾಕಾ ಅವರ ಮ್ಯೂಸಿಯಂನಲ್ಲಿ ವಿವರದ ಫಲಕಗಳು ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಇವೆ. ಕೆಲವು ಕಡೆ 'ದೊರೆತ ಸ್ಥಳ ತಿಳಿದಿಲ್ಲ' ಎಂದಿದೆ. ಅದನ್ನು ನೋಡಿ ಕಾಕಾ ಈಗಲೂ ಫೋನ್ ಮಾಡುತ್ತಾರೆ, ರಾತ್ರಿ ಏನೋ ನೆನಪಾಯಿತು ಎಂದು. ಹತ್ತರಲ್ಲಿ ಒಂದು ಸರಿ ಇರುತ್ತದೆ, ಹತ್ತನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಈಗ ಕೊಲ್ಹಾಪುರದ ಕಡೆಯ ಒಂದು ಮನೆಯಿಂದ ಕರೆ ಬಂದಿದೆ. ತಂದೆ ಕೂಡಿಟ್ಟ ಶಿಲ್ಪಗಳನ್ನು ಮಕ್ಕಳು ಸಾರ್ವಜನಿಕರಿಗೆ ಕೊಡಬೇಕೆಂದಿದ್ದಾರೆ. ನಾವು ಬರುವ ಮೊದಲು ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿ ಕಲ್ಲುಗಳನ್ನು ಹೊಳೆಯುವಂತೆ ಮಾಡಬೇಡಿ ಎಂದು ಫೋನಿನಲ್ಲೇ ಎರಡೆರಡು ಸಲ ಹೇಳಿದ್ದೇನೆ. ತಂದೆಯವರ ಡೈರಿಗಳನ್ನು ಹೋದ ದೀಪಾವಳಿಯಲ್ಲೇ ರದ್ದಿಗೆ ಹಾಕಿದರಂತೆ. ಲೆಕ್ಕದ ವಹಿಗಳು ಮಾತ್ರ ಆದಾಯ ತೆರಿಗೆಯವರ ಭಯಕ್ಕೆ ಅಟ್ಟದ ಮೇಲೆ ಉಳಿದಿವೆ. ಅವರ ಹಳೆಯ ಡ್ರೈವರ್ ಅದೇ ಊರಿನಲ್ಲಿದ್ದಾರೆ ಎಂದೂ ತಿಳಿಯಿತು. ಮೊದಲ ದಿನ ಆ ಡ್ರೈವರ್ ಮನೆಗೇ ಹೋಗುತ್ತೇವೆ.