ಅಪ್ಪ ಹೊರದ ಚೀಲಗಳ ದುಡ್ಡು

ನಮ್ಮ ಚರ್ಚಿನ ಸಭೆಯಲ್ಲಿ ಸುಗ್ಗಿ ಹಬ್ಬದ ದಿನ, ಕುಂಬಳಕಾಯಿ ಹರಾಜಿಗೆ ಮುಂಚೆ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಅವಕಾಶ ಕೊಡುತ್ತಾರೆ. ಆಪರೇಷನ್ ಸರಿಹೋಯಿತು, ಮಗನಿಗೆ ಕೆಲಸ ಸಿಕ್ಕಿತು, ಸೈಟ್ ರಿಜಿಸ್ಟರ್ ಆಯಿತು, ದೇವರಿಗೆ ಸ್ತೋತ್ರ. ಎಲ್ಲವೂ ನಿಜವೇ. ಆದರೆ ಕೃಪೆ ಅಂದರೆ ಬೇಡಿದ್ದು ಸಿಗೋದು ಅಷ್ಟೇನಾ? ಹಾಗಾದರೆ ಹರಕೆಗೂ ಇದಕ್ಕೂ ಏನು ವ್ಯತ್ಯಾಸ?

ನಾನು ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಮೆಕ್ಕೆಜೋಳದ ಸೀಸನ್ ಬಂತೆಂದರೆ ಬೆಳಗ್ಗೆಯಿಂದ ರಾತ್ರಿವರೆಗೆ ಲೆಕ್ಕವೇ. ಎಷ್ಟು ಚೀಲ, ಎಷ್ಟು ತೂಕ, ಎಷ್ಟು ಹಮಾಲಿ. ಇಂಥ ಕೆಲಸದವನಿಗೆ ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ, ಯೇಸು ಹೇಳಿದ ಒಂದು ಸಾಮ್ಯಕಥೆ, ಸ್ವಲ್ಪ ಕಷ್ಟ. ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ಆಳು ಕರೆಯಲು ಹೋಗುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಗುತ್ತದೆ. ಆಮೇಲೆ 9 ಗಂಟೆಗೆ, 12ಕ್ಕೆ, 3ಕ್ಕೆ ಮತ್ತೆ ಹೋಗುತ್ತಾನೆ. ಸಂಜೆ 5ಕ್ಕೂ ಹೋಗುತ್ತಾನೆ. ಯಾಕೆ ಸುಮ್ನೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ ಅಲ್ಲಿದ್ದವರು. ಬಟವಾಡೆ ಹೊತ್ತಿಗೆ ಅವರಿಗೂ ಅದೇ ಒಂದು ನಾಣ್ಯ. ಅದೂ ಅವರಿಗೇ ಮೊದಲು. ಬಿಸಿಲಲ್ಲಿ ಬೆಂದವರು ಗೊಣಗದೆ ಇರುತ್ತಾರಾ?

ಆ 5 ಗಂಟೆಯವರು ನಾವೇ ಅಂತ ನಮ್ಮ ಪಾದ್ರಿ ಅಯ್ಯನವರು ಪ್ರಸಂಗದಲ್ಲಿ ಹೇಳುತ್ತಾರೆ. ಸರಿ. ನನಗೆ ಮಾತ್ರ ಅವರು ಅಂದರೆ ನಮ್ಮಪ್ಪ.

ಅಪ್ಪ ಇದೇ ಯಾರ್ಡಿನಲ್ಲಿ ಹಮಾಲಿ. ಕೊಕ್ಕೆ ಹಾಕಿ ಚೀಲ ಎಳೆದು, ಬೆನ್ನಿಗೇರಿಸಿ, ಲಾರಿಗೆ ಹಾಕಿದ ಹಲಗೆ ಮೇಲೆ ಅರ್ಧ ಓಡುತ್ತಲೇ ಹತ್ತುತ್ತಿದ್ದರು. ಹಲಗೆ ಮೇಲೆ ನಿಂತರೆ ಭಾರ ಜಾಸ್ತಿ ಆಗುತ್ತೆ ಅನ್ನುತ್ತಿದ್ದರು. ನಾನು ಪಿಯುಸಿ ಮುಗಿಸುವ ಹೊತ್ತಿಗೆ ಅವರ ಸೊಂಟ ಹೋಯಿತು. ಆದರೂ ಯಾರ್ಡಿಗೆ ಹೋಗುವುದು ಬಿಡಲಿಲ್ಲ. ದಬ್ಬಳ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದರು, ಚೆಲ್ಲಿದ ಕಾಳು ಗುಡಿಸುತ್ತಿದ್ದರು, ಟೀ ತರುತ್ತಿದ್ದರು. ಹಮಾಲಿ ದುಡ್ಡು ಗ್ಯಾಂಗಿಗೆ ಒಟ್ಟಿಗೆ ಬರುತ್ತಿತ್ತು, ಸಂಜೆ ಹಂಚಿಕೊಳ್ಳುತ್ತಿದ್ದರು. ಮೊದಲ ಸಂಜೆ ಅಪ್ಪ ದೂರ ಕೂತಿದ್ದರಂತೆ. ಮೇಸ್ತ್ರಿ ಕರೆದು ಪಾಲು ಕೈಗಿಟ್ಟ. ಎಲ್ಲರಷ್ಟೇ. ಬೇಡ ಅಂದಿದ್ದಕ್ಕೆ, "ಇಟ್ಕೊಳೋ ಮಾರಾಯ, ಮನೇಲಿ ಹುಡುಗ ಓದ್ತಾನೆ" ಅಂದನಂತೆ.

ಒಬ್ಬ ಗೊಣಗಿದನಂತೆ. ಅದನ್ನು ಅಪ್ಪ ನಗುತ್ತಲೇ ಹೇಳುತ್ತಿದ್ದರು. "ಅವನದೇನು ತಪ್ಪು? ಅವನ ಬೆನ್ನೂ ನೋಯುತ್ತೆ ಅಲ್ವಾ?" ನಾವು ಆ ಸಾಮ್ಯ ಓದುವಾಗ ಗೊಣಗಿದವರನ್ನು ಬೈದು ಮುಂದೆ ಹೋಗುತ್ತೇವೆ. ಯಜಮಾನ ಮಾತ್ರ ಗೊಣಗಿದವನನ್ನೂ "ಸ್ನೇಹಿತನೇ" ಅಂತಲೇ ಕರೆಯುತ್ತಾನೆ, ಅವನ ಕೂಲಿಯಲ್ಲಿ ಬಿಡಿಗಾಸೂ ಮುರಿದುಕೊಳ್ಳುವುದಿಲ್ಲ. ಇದು ನನ್ನ ಕಣ್ಣಿಗೆ ಬಿದ್ದದ್ದು ಅಪ್ಪನ ಮಾತಿನಿಂದ.

ಹಾಗೆ ನನ್ನ ಬಿಕಾಂ ಮುಗಿಯಿತು, ಅಪ್ಪ ಹೊರದ ಚೀಲಗಳ ದುಡ್ಡಿನಲ್ಲಿ. ಗ್ಯಾಂಗಿನಲ್ಲಿ ಲಿಂಗಾಯತರಿದ್ದರು, ಮುಸ್ಲಿಮರಿದ್ದರು, ನಾಯಕರಿದ್ದರು. ನಮ್ಮ ಸಭೆಯವರು ಅಪ್ಪನನ್ನು ಬಿಟ್ಟರೆ ಒಬ್ಬರೂ ಇರಲಿಲ್ಲ. ದೇವರು ಯಾರ ಕೈಯಿಂದ ಕೊಡಿಸುತ್ತಾನೋ!

ರಕ್ಷಣೆ ಕೃಪೆಯಿಂದಲೇ, ಅದು ದೇವರ ವರ, ಹೊಗಳಿಕೊಳ್ಳಲು ಯಾರಿಗೂ ಜಾಗ ಇಲ್ಲ ಅಂತ ಬೈಬಲಿನಲ್ಲೇ, ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ. ಅದು ಪಾಪ, ಶಿಲುಬೆ, ನಿತ್ಯಜೀವದ ದೊಡ್ಡ ಮಾತು. ಹಮಾಲಿ ಪಾಲನ್ನು ಅದಕ್ಕೆ ಸಮ ಮಾಡುತ್ತಿಲ್ಲ. ಆದರೆ ಆ ಸಂಜೆ ಅಪ್ಪ ಮನೆಗೆ ಬಂದು ದುಡ್ಡನ್ನು ಬೈಬಲ್ ಪಕ್ಕ ಇಟ್ಟು, ಊಟಕ್ಕೆ ಮುಂಚೆ ಪ್ರಾರ್ಥನೆ ಶುರು ಮಾಡಿದವರು ಮುಗಿಸಲಾಗಲಿಲ್ಲ. ಅಮ್ಮ ಮುಗಿಸಿದಳು. ಆ ವಾಕ್ಯ ಓದಿದಾಗೆಲ್ಲ ನನಗೆ ಕಾಣೋದು ಅಪ್ಪನ ಆ ಮುಖವೇ.

ಪ್ರತಿ ಕ್ರಿಸ್ಮಸ್‌ಗೆ ಅಮ್ಮ ಕರ್ಜಿಕಾಯಿ, ಚಕ್ಕುಲಿ ಮಾಡಿ ಗ್ಯಾಂಗಿನವರ ಮನೆಗಳಿಗೆ ಕಳಿಸುತ್ತಾಳೆ. ಅಪ್ಪ ತೀರಿಕೊಂಡ ಮೇಲೂ ನಿಲ್ಲಿಸಿಲ್ಲ. ಋಣ ತೀರಿಸ್ತಿದ್ದೀಯಾ ಅಂತ ಒಮ್ಮೆ ಕೇಳಿದೆ. "ಕರ್ಜಿಕಾಯಿಗೆ ತೀರುತ್ತೇನೋ ಅದು? ಖುಷಿ ಆಯ್ತು, ಕೊಟ್ಟೆ" ಅಂದಳು. ಗುಮಾಸ್ತನ ಬುದ್ಧಿ ನನ್ನದು, ಏನು ಮಾಡೋದು. ಆ ಗೊಣಗಿದ ಅಣ್ಣನ ಮನೆಯಿಂದ ಡಬ್ಬಿ ಯಾವತ್ತೂ ಖಾಲಿ ವಾಪಸ್ ಬರುವುದಿಲ್ಲ. ಶೇಂಗಾ ಚಟ್ನಿಪುಡಿ ತುಂಬಿ ಕಳಿಸುತ್ತಾರೆ. ನಿಜ ಹೇಳಬೇಕೆಂದರೆ, ಅಮ್ಮನ ಕರ್ಜಿಕಾಯಿಗಿಂತ ನನಗೆ ಅದೇ ಇಷ್ಟ. ಅಮ್ಮ ಇದನ್ನೆಲ್ಲ ಓದೋದಿಲ್ಲ, ಪುಣ್ಯ.