ಎರೆಗೂಳಿ 1:35, ಮೂರನೇ ಕಂತು: ಬಾಯ್ಲರ್ ಮತ್ತು ಆರು ನಳಿಗೆಯ ಬಂದೂಕು

ಎರೆಗೂಳಿ ಎಂದರೆ ನಿಜದ 35ನೇ ಒಂದರಷ್ಟು ಅಳತೆಯಲ್ಲಿ ನಾವು ಕಟ್ಟುತ್ತಿರುವ, ಹಬೆಯಿಂದ ಓಡುವ ಕಾಲ್ಪನಿಕ ಯುದ್ಧಗಾಡಿಯ ಮಾದರಿ. ಚಾಸಿ ಮುಗಿದಿದೆ, ಬಾಯ್ಲರ್ ಕೂತಿದೆ, ಬಂದೂಕು ಮುಕ್ಕಾಲು ಪಾಲು ಆಗಿದೆ. ಬಣ್ಣ ಇನ್ನೂ ಮುಟ್ಟಿಲ್ಲ.

ಹೊಸದಾಗಿ ನೋಡುವವರಿಗೆ ಇಷ್ಟು ಹೇಳಬೇಕು: ಈ ಗಾಡಿಯ ಕಾಲ್ಪನಿಕ ಸಾಮ್ರಾಜ್ಯದಲ್ಲಿ ಪೆಟ್ರೋಲ್ ಇಲ್ಲ, ಹೊಗೆ ಬಾರದ ಮದ್ದೂ ಇಲ್ಲ. ಕಲ್ಲಿದ್ದಲು, ಹಬೆ, ಕರಿಮದ್ದು ಅಷ್ಟೇ. ಗಡಿನಾಡೆಲ್ಲ ಗದಗ, ವಿಜಯಪುರದ ಕಡೆಯಂಥ ಎರೆಭೂಮಿ. ಮಳೆ ಬಿದ್ದ ಮೇಲೆ ಅಲ್ಲಿ ಚಕ್ರದ ನಂಬಿಕೆ ಇಟ್ಟುಕೊಳ್ಳುವ ಹಾಗಿಲ್ಲ. 1915ರಲ್ಲಿ ರಷ್ಯಾದ ಲೆಬೆಡೆಂಕೊ ಸುಮಾರು 9 ಮೀಟರ್ ಎತ್ತರದ ಚಕ್ರಗಳ ಯುದ್ಧಯಂತ್ರ ಕಟ್ಟಿಸಿದ್ದ. ಪರೀಕ್ಷೆಯ ದಿನ ಹಿಂದಿನ ಸಣ್ಣ ಚಕ್ರ ಹೂತುಕೊಂಡು ಅದು ಅಲ್ಲೇ ನಿಂತಿತು. ಆದ್ದರಿಂದ ಎರೆಗೂಳಿಗೆ ಟ್ರ್ಯಾಕ್, ಅಂದರೆ ಚಕ್ರಗಳನ್ನು ಬಳಸಿ ಸುತ್ತುವ ಅಗಲ ಪಟ್ಟಿ. 20 ಟನ್ ತೂಕ, ನೆಲಕ್ಕೆ ತಾಗುವ ಭಾಗ 3.6 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಎರಡು ಬದಿ: ಚದರ ಸೆಂಟಿಮೀಟರಿಗೆ ಸುಮಾರು 0.55 ಕಿಲೋ ಒತ್ತಡ. ಅಂಟುಮಣ್ಣು ಹಲ್ಲುಚಕ್ರಕ್ಕೆ ಮೆತ್ತಿಕೊಳ್ಳದಂತೆ ಎರಡೂ ಬದಿಗೆ ಕೆರೆಯುವ ಪಟ್ಟಿ ಇಟ್ಟಿದ್ದೇವೆ.

ನೀರಿನ ಲೆಕ್ಕವೇ ದೇಹದ ಆಕಾರ ತೀರ್ಮಾನಿಸಿತು. 100 ಅಶ್ವಶಕ್ತಿಯ ಎಂಜಿನ್, ಬಳಸಿದ ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ ಇಲ್ಲ. ಅಶ್ವಶಕ್ತಿಗೆ ಗಂಟೆಗೆ 12 ಕಿಲೋ ಹಬೆ ಹಿಡಿದರೆ ಗಂಟೆಗೆ 1,200 ಲೀಟರ್ ನೀರು ಬೇಕು. 2,000 ಲೀಟರಿನ ಟ್ಯಾಂಕ್ ಎರಡು ಗಂಟೆಯೂ ಬಾಳುವುದಿಲ್ಲ. ಮಾದರಿಯಲ್ಲಿ ಅದು 60 × 35 × 22 ಮಿ.ಮೀ. ಪೆಟ್ಟಿಗೆ. ಇಷ್ಟು ದೊಡ್ಡದಕ್ಕೆ ಜಾಗ ಬಿಡದೆ ಎಳೆದ ಹಬೆಗಾಡಿ ಚಿತ್ರಗಳು ಬೇಕಾದಷ್ಟಿವೆ. ಹೊರಗೆ ಹಿತ್ತಾಳೆ ಗಿಯರ್ ಅಂಟಿಸಿಬಿಟ್ಟರೆ ಗಾಡಿ ಓಡುವುದಿಲ್ಲ ಸ್ವಾಮಿ!

ಬಾಯ್ಲರ್‌ಗೆ 32 ಮಿ.ಮೀ. ಪಿವಿಸಿ ಕಂಡ್ಯೂಟ್ ಪೈಪು. ಸ್ಟೈರೀನ್ ಪ್ಲಾಸ್ಟಿಕ್ ಹಾಳೆಗೆ ಬಳಸುವ ತೆಳು ಅಂಟು (ಸಿಮೆಂಟು) ಪಿವಿಸಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಒಂದೆರಡು ದಿನದಲ್ಲಿ ಅಂಚು ಎದ್ದು ಬರುತ್ತದೆ. ಪೈಪನ್ನು 240 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಎಪಾಕ್ಸಿ ಹಚ್ಚಿ, ಮೇಲೆ 0.25 ಮಿ.ಮೀ. ಹಾಳೆ ಸುತ್ತಬೇಕು. ರಿವೆಟ್‌ಗಳನ್ನು ಸುತ್ತುವ ಮೊದಲೇ ಹಾಳೆಯ ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒತ್ತಿ ಎಬ್ಬಿಸಿಕೊಳ್ಳಿ, ಅಂತರ 2.5 ಮಿ.ಮೀ. ಸುತ್ತಿದ ಮೇಲೆ ಒತ್ತಲು ಹಿಂಬದಿ ಸಿಗುವುದಿಲ್ಲ.

ಈಗ ಬಂದೂಕು. ಮ್ಯಾಕ್ಸಿಮ್ ಮೆಷಿನ್‌ಗನ್ ಮಾದರಿಯದು ಬೇಡವೆಂದು ಬಿಟ್ಟೆವು. ಅದು ತನ್ನ ಹಿಮ್ಮೆಟ್ಟುವಿಕೆಯಿಂದಲೇ ಓಡುವಂಥದ್ದು, ಕರಿಮದ್ದಿನ ಮಸಿ ಕಟ್ಟಿದಷ್ಟೂ ಅದರ ಚಲನೆ ಜಡವಾಗುತ್ತದೆ. 1862ರಲ್ಲಿ ಪೇಟೆಂಟ್ ಆದ, ಸುತ್ತುವ ಹಲವು ನಳಿಗೆಗಳ ಗ್ಯಾಟ್ಲಿಂಗ್ ಬಂದೂಕು ಹೊರಗಿನ ಬಲದಿಂದ ತಿರುಗುವುದರಿಂದ ಕೈಹಿಡಿಯ ಬದಲು ಪುಟ್ಟ ಹಬೆ ಎಂಜಿನ್ ಜೋಡಿಸಬಹುದು. ಒಂದೇ ಸಿಲಿಂಡರ್ ಇಟ್ಟರೆ ಡೆಡ್ ಸೆಂಟರಿನಲ್ಲಿ, ಅಂದರೆ ಪಿಸ್ಟನ್ ತನ್ನ ಓಟದ ತುದಿಯಲ್ಲಿ, ನಿಂತಾಗ ಮತ್ತೆ ಹೊರಡುವುದಿಲ್ಲ. ಹೊಡೆದಾಟದ ನಡುವೆ ಯಾರಾದರೂ ಕೈಯಿಂದ ನೂಕಬೇಕಾದೀತು. ಅದಕ್ಕೆ 90 ಡಿಗ್ರಿ ಅಂತರದ ಎರಡು ಸಿಲಿಂಡರ್.

ವೇಗ ನಿಮಿಷಕ್ಕೆ 80 ಸುತ್ತು, ಆರು ನಳಿಗೆಗೆ 480 ಗುಂಡು. ಇದಕ್ಕಿಂತ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ, 1893ರಲ್ಲಿ ವಿದ್ಯುತ್ ಮೋಟರ್ ಜೋಡಿಸಿದ ಗ್ಯಾಟ್ಲಿಂಗ್ ನಿಮಿಷಕ್ಕೆ 3,000 ದಾಟಿಸಿತ್ತು ನಿಜ. ಆದರೆ ಮದ್ದಿಗೆ ಕಿಡಿ ಕೊಡುವ ಗುಂಡಿನ ಕ್ಯಾಪ್ ಕಳಪೆಯಾಗಿದ್ದು ತಡವಾಗಿ ಹತ್ತಿದರೆ? ಹಿಂಬಾಗಿಲು ಸುತ್ತಿನ ಆರನೇ ಒಂದು ಭಾಗ ಮುಚ್ಚಿರುತ್ತದೆ ಎಂದಿಟ್ಟುಕೊಂಡರೆ 80 ಸುತ್ತಿನಲ್ಲಿ 0.125 ಸೆಕೆಂಡು ಸಿಗುತ್ತದೆ, 3,000 ಗುಂಡಿನ ವೇಗದಲ್ಲಿ ಬರೀ 0.02. ತಡವಾದ ಗುಂಡು ತೆರೆದ ಬಾಗಿಲಲ್ಲಿ ಸಿಡಿಯುತ್ತದೆ. ಆದ್ದರಿಂದ ವೇಗ ಮೀರದಂತೆ ಗವರ್ನರ್, ಸಿಕ್ಕಿಕೊಂಡಾಗ ಜಾರುವ ಕ್ಲಚ್. ಮಾದರಿಯಲ್ಲಿ ಗವರ್ನರಿನ ತಿರುಗುವ ಗೋಲಿಗಳು ಗುಂಡುಸೂಜಿಯ ತಲೆಗಳೇ.

ಇನ್ನು ಹೊಗೆ. ಗುಂಡಿಗೆ 5 ಗ್ರಾಂ ಕರಿಮದ್ದು ಎಂದರೆ ನಿಮಿಷಕ್ಕೆ 2.4 ಕಿಲೋ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಘನ ಶೇಷವಾಗಿ ಉಳಿಯುತ್ತದೆ. ಬಂದೂಕಿನ ಗೂಡಿನೊಳಗೆ ಗುರಿಕಾರನಿಗೆ ಕಣ್ಣು ಬಿಡಲಾಗದು. ಪರಿಹಾರ ಅಗ್ಗದ್ದು: ಬಾಯ್ಲರ್ ಬೆಂಕಿ ತನ್ನ ಗಾಳಿಯನ್ನು ಗೂಡಿನಿಂದಲೇ ಎಳೆದುಕೊಳ್ಳಲಿ. ತೊಡಕು ಒಂದೇ, ಗಾಡಿ ನಿಂತು ಗುಂಡು ಹಾರಿಸುವಾಗ ಎಂಜಿನ್ನಿನ ಹಬೆ ಚಿಮಣಿಗೆ ಹೋಗುವುದಿಲ್ಲ, ಎಳೆತ ಸಾಯುತ್ತದೆ. ರೈಲು ಎಂಜಿನ್‌ಗಳಲ್ಲಿರುವಂತೆ, ಬಾಯ್ಲರಿನ ಹಬೆಯನ್ನೇ ಚಿಮಣಿಗೆ ಊದಿ ಎಳೆತ ಹುಟ್ಟಿಸುವ ಬ್ಲೋವರ್ ಬೇಕು. ಅದರ ಕೊಳವೆಯಾಗಿ ಬಾಯ್ಲರ್ ಮೇಲಿನ ಗುಮ್ಮಟದಿಂದ ಚಿಮಣಿಯ ಬುಡಕ್ಕೆ 0.5 ಮಿ.ಮೀ. ತಾಮ್ರದ ತಂತಿ ಹಾಯಿಸಿದೆವು.

ನಳಿಗೆಗಳಿಗೆ ಬಳಸದ 23 ಗೇಜ್ ಸಿರಿಂಜ್ ಸೂಜಿ. ಹೊರವ್ಯಾಸ 0.64, ಒಳವ್ಯಾಸ 0.34 ಮಿ.ಮೀ.; 1:35ರಲ್ಲಿ 11.43 ಮಿ.ಮೀ. ನಳಿಗೆಗೆ ಹೇಳಿ ಮಾಡಿಸಿದ ಅಳತೆ. ಉದ್ದ 23 ಮಿ.ಮೀ. ಕಟರಿನಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ತೆಳು ಅರದಿಂದ ಸುತ್ತ ಗೀರಿ ಮುರಿದು, ತುದಿ ತಟ್ಟಿ ಸಮ ಮಾಡಿ. ಕನ್ನಡಕ ಬಿಡಬೇಡಿ. ಮೊದಲ ನಕ್ಷೆಯಲ್ಲಿ ಹತ್ತು ನಳಿಗೆ, 2.6 ಮಿ.ಮೀ. ವೃತ್ತದಲ್ಲಿ. ನಳಿಗೆ ಹಿಡಿಯುವ ಸ್ಟೈರೀನ್ ಬಿಲ್ಲೆಗೆ 0.7 ಮಿ.ಮೀ. ಡ್ರಿಲ್ ಹಾಕಿದಾಗ ತೂತುಗಳ ನಡುವೆ ಉಳಿಯುವುದು 0.1 ಮಿ.ಮೀ., ಸ್ಟೈರೀನ್ ಹರಿಯುತ್ತದೆ. ಆರು ನಳಿಗೆಗೆ 2 ಮಿ.ಮೀ. ವೃತ್ತ ಸಾಕು, ನಡುವೆ 0.3 ಉಳಿಯುತ್ತದೆ. ಸೂಪರ್‌ಗ್ಲೂ ಹಿಂತುದಿಯಿಂದಷ್ಟೇ, ಸೂಜಿಮೊನೆಯಷ್ಟು. ಬಾಯಿಯ ಕಡೆ ಹಾಕಿದರೆ ಅದು ಒಳಗೆ ಹೀರಿಕೊಂಡು ನಳಿಗೆ ಮುಚ್ಚಿಹೋಗುತ್ತದೆ.

ಉಳಿದಿರುವುದು ಗುಂಡು ತುಂಬುವ ಹಾಪರ್, ಆಮೇಲೆ ಬಣ್ಣ: ರಕ್ಷಾಫಲಕಕ್ಕೆ ಮಂಕು ಕಪ್ಪು, ಹಿತ್ತಾಳೆ ಬಣ್ಣ ವಾಲ್ವು ಮತ್ತು ಬೇರಿಂಗಿಗೆ ಮಾತ್ರ. ಸೇಫ್ಟಿ ವಾಲ್ವಿನ ಕೆಳಗೆ ಗಡಸು ನೀರಿನ ಬಿಳಿ ಗೆರೆಗಳು ಬರಬೇಕು.